ಹಸಿರು ಪ್ರಚಾರಕ್ಕೆ ಒಂದು ‘ಳ’ ಜಾಸ್ತಿ

ಪರಿಸರಕ್ಕೆ ಉಪಕಾರ ಮಾಡಲು ನಾನು ಹೊರಟಾಗಲೆಲ್ಲ ಪರಿಸರ ಸುಮ್ಮನಿರುತ್ತದೆ, ಸುತ್ತಲಿನವರೇ ಗಲಾಟೆ ಮಾಡುತ್ತಾರೆ. ಒಂದು ಸಲ ಆದರೆ ಗ್ರಹಚಾರ ಎನ್ನಬಹುದು. ನನಗೆ ಒಂದೇ ಮಳೆಗಾಲದಲ್ಲಿ ನಾಲ್ಕು ಸಲ ಆಯಿತು ಮಾರಾಯ್ರೇ.

ಆಗ ನಾನು ಕೊಚ್ಚಿಯಲ್ಲಿ, ತೆಂಗಿನ ನಾರಿನ ಹಾಸಿಗೆ, ಕಾಲೊರಸು ಮಾಡುವ ಒಂದು ಕಂಪನಿಯ ಪ್ರಚಾರ ಅಧಿಕಾರಿ. ಕಚೇರಿ ಮಟ್ಟಾಂಚೇರಿಯ ಹಳೇ ಮೆಣಸಿನ ಗೋದಾಮಿನ ಮಹಡಿಯಲ್ಲಿ. ಅಂಗಡಿ ಎರಡು: ಎಡಪ್ಪಳ್ಳಿ ಜಂಕ್ಷನ್ನಿನಲ್ಲೊಂದು, ದೂರದ ತಿರುವನಂತಪುರದ ಪಟ್ಟಂನಲ್ಲೊಂದು. ನನ್ನ ಊರು ಪುತ್ತೂರು. ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಹದಿನೈದು ವರ್ಷವಾದರೂ ಆ ಅಕ್ಷರಗಳು ನನಗೆ ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ಯಾರು ದೊಡ್ಡವನು ಯಾರು ಸಣ್ಣವನು ತಿಳಿಯುವುದಿಲ್ಲ.

ಹೆಂಡತಿಗೆ ಕೊಚ್ಚಿಯ ಬ್ಯಾಂಕಿನಲ್ಲಿ ಕೆಲಸ. ಮಗಳು ಹತ್ತನೇ ಕ್ಲಾಸು. ಅವಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. ನಾನು ಏನೇ ಕತೆ ಹೇಳಿದರೂ ಅವಳದು ಒಂದೇ ಉತ್ತರ: “ಪಚ್ಚಕ್ಕಳ್ಳಂ!” ಪಚ್ಚ ಎಂದರೆ ಹಸಿರು, ಹಸಿ ಎಂದೂ ಹೌದು. ಕಳ್ಳಂ ಎಂದರೆ ಸುಳ್ಳು. ನಮ್ಮ ಹಸಿ ಸುಳ್ಳೇ ಗಡಿ ದಾಟಿದ ಮೇಲೆ ಹಸಿರು ಬಣ್ಣ ಬಳಿದುಕೊಂಡಿದೆ, ಅಷ್ಟೇ. ಈಗ ಹೇಳಹೊರಟಿರುವುದರಲ್ಲಿ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಯಾವುದೆಂದು ನನಗೂ ಈಗ ನೆನಪಿಲ್ಲ.

೧. ಹಸಿರು ಹಾಸಿಗೆ

ಆ ವರ್ಷ ಎಲ್ಲ ಕಂಪನಿಗಳಿಗೂ ಹಸಿರಿನ ಹುಚ್ಚು ಹತ್ತಿತ್ತು. ಪೈಂಟು ಮಾರುವವನೂ ಹಸಿರು, ಬ್ಯಾಟರಿ ಮಾರುವವನೂ ಹಸಿರು. ನಮ್ಮ ಮುದಲಾಳಿ, ಅಂದರೆ ಯಜಮಾನರು, “ಎಡೋ, ನಾರಿನವರು ನಾವು. ನಿಜವಾದ ಹಸಿರು ನಾವಲ್ಲವೇ?” ಎಂದರು. ಸರಿ, ವಿಷು ಹಬ್ಬಕ್ಕೆ ಎಡಪ್ಪಳ್ಳಿ ಅಂಗಡಿಯ ಮೇಲೆ ದೊಡ್ಡ ಬೋರ್ಡು ಹಾಕಿಸಿದೆ: ‘ಪಚ್ಚ ಮೆತ್ತ’. ಹಸಿರು ಹಾಸಿಗೆ.

ಮೊದಲ ಗಿರಾಕಿಯಾಗಿ ಒಬ್ಬರು ಅಮ್ಮಚ್ಚಿ, ಅಂದರೆ ಅಜ್ಜಿ, ಬಂದರು. ಅವರಿಗೆ ಗಂಡಸರೆಲ್ಲ ಮೋನ್, ಅಂದರೆ ಮಗ. ಎಂಬತ್ತು ವರ್ಷ ಇರಬಹುದು. ನೆಂಟರಿಗೆ ಹೇಳುವಾಗ ನಾನು ತೊಂಬತ್ತು ಮಾಡುತ್ತೇನೆ.

“ಮೋನೇ, ಇದು ಕಂದು ಬಣ್ಣ. ಪಚ್ಚ ಎಲ್ಲಿ?”

“ಇದು ಬಣ್ಣದ ಹಸಿರಲ್ಲ ಅಮ್ಮಚ್ಚೀ, ಗುಣದ ಹಸಿರು.”

“ಗುಣ ನನ್ನ ಸೊಸೆಗೂ ಇದೆ ಎಂದು ಮದುವೆಗೆ ಮುಂಚೆ ಹೇಳಿದ್ದರು. ನನಗೆ ಕಣ್ಣಿಗೆ ಕಾಣಬೇಕು.”

ನಾಲಿಗೆ ತುರಿಸಿತು. “ತೆಗೆದುಕೊಂಡು ಹೋಗಿ ಮಲಗಿ. ಒಂದು ವರ್ಷದಲ್ಲಿ ತಾನಾಗಿಯೇ ಹಸಿರಾಗುತ್ತದೆ” ಎಂದೆ, ವಿಜ್ಞಾನಿಯ ಮುಖ ಮಾಡಿಕೊಂಡು.

ಕರ್ಕಾಟಕ ಮಾಸದ ಮಳೆ ಹಿಡಿಯಿತು. ಒಂದು ದಿನ ಮುದಲಾಳಿಯೂ ನಾನೂ ಅಂಗಡಿಯಲ್ಲಿ ಕೂತಿದ್ದಾಗ ಅಮ್ಮಚ್ಚಿ ಆಟೋದಿಂದ ಇಳಿದರು, ಜೊತೆಗೆ ಪಕ್ಕದ ಮನೆಯ ಹೆಂಗಸು. ನನ್ನ ಕಡೆ ಕೈ ತೋರಿಸಿ ಅವರಿಗೆ ಹೇಳಿದರು: “ಈ ಮೋನ್ ಸತ್ಯವಂತ. ಒಂದು ವರ್ಷ ಬೇಕು ಎಂದಿದ್ದ. ಮೂರೇ ತಿಂಗಳಿಗೆ ಮೂಲೆಮೂಲೆಯೆಲ್ಲ ಹಸಿರು! ಮುಟ್ಟಿದರೆ ವೆಲ್ವೆಟ್. ಇವರಿಗೂ ಒಂದು ಕೊಡಿ.”

ಮುದಲಾಳಿಗೆ ತಕ್ಷಣ ತಿಳಿಯಿತು, ಹಾಸಿಗೆಗೆ ಬೂಷ್ಟು ಹಿಡಿದಿದೆ. ಕುರ್ಚಿಯಿಂದ ಎದ್ದು, ಕೈ ಜೋಡಿಸಿ, “ತಪ್ಪಾಯಿತು ಅಮ್ಮಚ್ಚೀ, ಅದನ್ನು ವಾಪಸು ಕೊಡಿ, ಹೊಸದು ಕಳಿಸುತ್ತೇನೆ” ಎಂದರು.

ಅಮ್ಮಚ್ಚಿ ಅವರನ್ನು ಮೇಲಿನಿಂದ ಕೆಳಗೆ ನೋಡಿದರು. “ಹಸಿರಾದದ್ದನ್ನು ಕೊಟ್ಟು ಕಂದು ತೆಗೆದುಕೊಳ್ಳಲು ನನಗೇನು ತಲೆ ಕೆಟ್ಟಿದೆಯೇ?”

೨. ಮಣ್ಣಿಗೆ ಮರಳುವ ಚೀಲ

ಅಮ್ಮಚ್ಚಿ ಹೋದ ಮೇಲೆ ಮುದಲಾಳಿ ನನಗೆ ತೀರ್ಪು ಕೊಟ್ಟರು. “ಓಣಂಗೆ ಇಲ್ಲಿನ ವರ್ತಕರು, ಪರಿಸರದವರು ಸೇರಿ ಹಸಿರು ಅಂಗಡಿಗೆ ಒಂದು ಫಲಕ ಕೊಡುತ್ತಾರಂತೆ. ಅದು ನಮ್ಮ ಎಡಪ್ಪಳ್ಳಿಗೆ ಬಂದರೆ ನೀನು ಕೊಚ್ಚಿಯಲ್ಲಿ. ಬರದಿದ್ದರೆ ಪಟ್ಟಂ ಗೋದಾಮಿನಲ್ಲಿ ಕಾಲೊರಸು ಎಣಿಸುತ್ತಾ ಕೂತಿರು. ನಡುವೆ ನಿನ್ನ ಕೀಟಲೆ ಒಂದು ನಡೆದರೂ ಪಟ್ಟಂ.”

ಪಟ್ಟಂ ಎಂದರೆ ಬರೀ ರೈಲಿನ ದೂರವಲ್ಲ. ಹೆಂಡತಿ, ಮಗಳು ಕೊಚ್ಚಿಯಲ್ಲಿ, ನಾನು ಅಲ್ಲಿ ಒಂದು ಕೋಣೆಯಲ್ಲಿ ನನ್ನ ಅನ್ನ ನಾನೇ ಬೇಯಿಸಿಕೊಂಡು. ಮೇಲೆ ಆ ಅಂಗಡಿಯ ಮ್ಯಾನೇಜರ್ ಚೇಚ್ಚಿ. ಚೇಚ್ಚಿ ಎಂದರೆ ಅಕ್ಕ. ಆದರೆ ಈ ಅಕ್ಕ ನಕ್ಕದ್ದನ್ನು ಆ ಬೀದಿಯಲ್ಲಿ ಕಂಡವರಿಲ್ಲ. ಸುತ್ತ ಸರ್ಕಾರಿ ಕಚೇರಿಗಳಿರುವುದರಿಂದಲೋ ಏನೋ, ಚಹಾ ಬೇಕಾದರೂ ಚೀಟಿ ಬರೆದು ಕಳಿಸುವವರು. ಅವರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: “ಕುರ್ಚಿ ಒರೆಸಿ ಇಟ್ಟಿದ್ದೇನೆ.”

ನಾನು ಸಭ್ಯನಾದೆ. ಪ್ಲಾಸ್ಟಿಕ್ ಚೀಲ ನಿಲ್ಲಿಸಿ, ಹಳೇ ಪತ್ರಿಕೆಯ ಚೀಲ ಮಾಡಿಸಿ, ಅದರ ಮೇಲೆ ‘ಈ ಚೀಲ ಮಣ್ಣಿಗೆ ಮರಳುತ್ತದೆ’ ಎಂದು ಅಚ್ಚು ಹಾಕಿಸಿದೆ. ಉದ್ಘಾಟನೆ ಪಟ್ಟಂನಲ್ಲೇ. ಪಕ್ಕದ ಕಚೇರಿಯ ಒಬ್ಬ ದೊಡ್ಡ ಅಧಿಕಾರಿಯನ್ನು ಕರೆಸಿ, ಕಾಲೊರಸು ಹಾಕಿದ ಮೊದಲ ಚೀಲವನ್ನು ಅವರ ಕೈಗಿತ್ತೆವು. ಚಪ್ಪಾಳೆ. ಅವರು ರಸ್ತೆ ದಾಟುವಾಗ ಮಳೆ ಸುರಿಯಿತು. ಐದೇ ನಿಮಿಷಕ್ಕೆ ವಾಪಸು ಬಂದರು. ಕೈಯಲ್ಲಿ ಚೀಲದ ಹಿಡಿ ಮಾತ್ರ ಇತ್ತು. ಕಾಲೊರಸು ಬಸ್ಸಿನ ಚಕ್ರದಡಿ ಹೋಗಿತ್ತು.

“ಚೀಲ ಎಲ್ಲಿ ಸಾರ್?” ಎಂದರು ಚೇಚ್ಚಿ.

ಅಧಿಕಾರಿ ಆ ಹಿಡಿಯನ್ನು ಮೇಜಿನ ಮೇಲಿಟ್ಟರು. “ಮಣ್ಣಿಗೆ ಮರಳಿತು. ನಾನು ಮನೆಗೆ ಮರಳುವವರೆಗೂ ಕಾಯಲಿಲ್ಲ.”

ಚೇಚ್ಚಿ ನಗಲಿಲ್ಲ. ನನ್ನ ಕುರ್ಚಿಯನ್ನು ಇನ್ನೊಂದು ಸಲ ಒರೆಸಿಟ್ಟರು.

೩. ನಮ್ಮ ಅತ್ಯುತ್ತಮ ಓದುಗರು

ಇದರಲ್ಲಿ ಕೀಟಲೆ ಇರಲಿಲ್ಲ, ಮಳೆಯ ತಪ್ಪು ಎಂದು ಮುದಲಾಳಿಯನ್ನು ಒಪ್ಪಿಸಿ ಕೊಚ್ಚಿಗೆ ಬಂದೆ. ಮುಂದಿನದು ಬೀಜದ ನೋಟೀಸು. ಒರಟು ಕಾಗದ ಮಾಡುವಾಗಲೇ ಅದರೊಳಗೆ ಹರಿವೆ ಬೀಜ ಸೇರಿಸುವುದು. ‘ಓದಿ, ಹರಿದು, ಮಣ್ಣಿಗೆ ಹಾಕಿ, ಸೊಪ್ಪು ಬೆಳೆಯಿರಿ.’ ಇಷ್ಟು ಒಳ್ಳೆಯ ಉಪಾಯ ನನ್ನ ತಲೆಗೆ ಹೇಗೆ ಬಂತೆಂದು ಹೆಂಡತಿಗೇ ಆಶ್ಚರ್ಯ. (ಅದು ಅವಳದೇ ಉಪಾಯ. ಹೇಳಬೇಡಿ.)

ಕಟ್ಟುಗಳನ್ನು ಮಟ್ಟಾಂಚೇರಿಯ ಗೋದಾಮಿನಲ್ಲಿ ಇರಿಸಿದೆವು. ಮಾಡು ಸೋರುತ್ತಿತ್ತು. ನಾಲ್ಕು ದಿನ ಬಿಟ್ಟು ಬಾಗಿಲು ತೆಗೆದರೆ ನೋಟೀಸುಗಳಿಗೆ ಮೊಳಕೆ ಬಂದು ಕೆಂಪು, ಹಸಿರು ಎಲೆ ಆಡುತ್ತಿದೆ. ಹಂಚದೆ ಬಿಟ್ಟರೆ ಮುದಲಾಳಿ ಬಿಡುವುದಿಲ್ಲ. ಬುಟ್ಟಿಯಲ್ಲಿ ತುಂಬಿಸಿ ನಾನೇ ಬೀದಿಗಿಳಿದೆ.

ಮಟ್ಟಾಂಚೇರಿ ಬೀದಿಯಲ್ಲಿ ಮನುಷ್ಯರಷ್ಟೇ ಹಕ್ಕಿರುವವು ಆಡುಗಳು. ಮೊದಲು ಒಂದು ಬಂತು. ಅದು ಉಳಿದವಕ್ಕೆ ಸುದ್ದಿ ಮುಟ್ಟಿಸಿತು. ಬೋಟ್ ಜೆಟ್ಟಿ ಮುಟ್ಟುವಷ್ಟರಲ್ಲಿ ನನ್ನ ಹಿಂದೆ ನಲವತ್ತು ಆಡು. ಹೆಂಡತಿ ಏಳು ಎನ್ನುತ್ತಾಳೆ, ಅವಳು ಅಲ್ಲಿರಲಿಲ್ಲ. ಬೋಟಿಗೆ ಕಾಯುತ್ತಿದ್ದವರು ನಗುತ್ತಾ ಎದ್ದು ದಾರಿ ಬಿಟ್ಟರು. ಎರಡು ನಿಮಿಷದಲ್ಲಿ ಬುಟ್ಟಿ ಖಾಲಿ. ಬುಟ್ಟಿಯ ಅಂಚೂ ಸ್ವಲ್ಪ ಖಾಲಿ.

ಸಂಜೆ ಮುದಲಾಳಿ ಕೇಳಿದರು, “ನೋಟೀಸು ಹಂಚಿ ಆಯಿತೇ?”

“ಆಯಿತು ಸಾರ್.”

“ಜನ ಏನೆಂದರು?”

“ಒಬ್ಬರೂ ಕೆಳಗೆ ಬಿಸಾಡಲಿಲ್ಲ ಸಾರ್. ಕೊಟ್ಟದ್ದನ್ನೆಲ್ಲ ಅಲ್ಲೇ ನಿಂತು ಅರಗಿಸಿಕೊಂಡರು.”

೪. ಒಂದು ‘ಳ’

ಓಣಂ ಹತ್ತಿರ ಬಂತು. ಮನೆ, ಅಂಗಡಿಗಳ ಮುಂದೆ ಪೂಕ್ಕಳಂ ಹಾಕುವ ಹತ್ತು ದಿನ. ಪೂಕ್ಕಳಂ ಎಂದರೆ ಹೂವಿನ ರಂಗೋಲಿ. ‘ಪೂ’ ಹೂವು, ‘ಕಳಂ’ ರಂಗೋಲಿಯ ಕಣ. ಆ ಹೂವೆಲ್ಲ ನಮ್ಮ ಗುಂಡ್ಲುಪೇಟೆ ಕಡೆಯಿಂದ ಲಾರಿಯಲ್ಲಿ ಬರುವುದು. ನನ್ನ ಹಾಗೆಯೇ, ಕರ್ನಾಟಕದಲ್ಲಿ ಹುಟ್ಟಿ ಕೇರಳದಲ್ಲಿ ಬಾಡುವ ಜಾತಿ. ಲಾರಿ ಬೇಡ, ಡೀಸೆಲ್ ಬೇಡ, ಸುತ್ತಮುತ್ತ ಸಿಗುವ ಎಲೆಗಳಿಂದಲೇ ರಂಗೋಲಿ ಹಾಕೋಣ ಎಂದೆ. ಗರಿಕೆ, ತುಳಸಿ, ಕರಿಬೇವು, ಬಾಳೆ. ಹಸಿರು ಕಳಂ. ಅಂದರೆ ‘ಪಚ್ಚಕ್ಕಳಂ’. ಮುದಲಾಳಿ ನನ್ನ ಬೆನ್ನು ತಟ್ಟಿದರು. ಈ ಕಂಪನಿ ಸೇರಿದ ಐದು ವರ್ಷದಲ್ಲಿ ಮೊದಲ ಸಲ.

ಬ್ಯಾನರು ಫ್ಲೆಕ್ಸಿನದ್ದಾಗಬಾರದಲ್ಲ, ಬಟ್ಟೆಯ ಮೇಲೆ ಕೈಯಿಂದಲೇ ಬರೆಯಬೇಕು. ಮಟ್ಟಾಂಚೇರಿಯಲ್ಲಿ ಒಬ್ಬ ಮುದುಕ ಪೇಂಟರ್ ಇದ್ದ, ಎಲ್ಲರೂ ಆಶಾನ್ ಎನ್ನುವುದು, ಗುರುಗಳೇ ಎಂಬ ಹಾಗೆ. ಫ್ಲೆಕ್ಸು ಬಂದ ಮೇಲೆ ಕುಂಚ ಒಣಗಿಸಿ ಕೂತಿದ್ದ. ಕೆಳಗಿನ ಸಾಲುಗಳನ್ನು ಮಗಳಿಂದ ಮಲಯಾಳದಲ್ಲಿ ಬರೆಸಿ ಕೊಟ್ಟೆ: ‘ನೂರಕ್ಕೆ ನೂರು ಪ್ರಕೃತಿದತ್ತ. ಐದು ವರ್ಷ ಗ್ಯಾರಂಟಿ.’ ಅದರಡಿ ಮುದಲಾಳಿ ಕೈ ಮುಗಿದು ನಗುವ ಚಿತ್ರ.

ತಲೆಬರಹ ಮಾತ್ರ ಬಾಕಿ ಇತ್ತು. ಮಗಳು ಪರೀಕ್ಷೆ ಬರೆಯಲು ಹೋಗಿದ್ದಳು. ನಾನು ಆಶಾನ್‌ಗೆ ಇಂಗ್ಲಿಷ್ ಅಕ್ಷರದಲ್ಲಿ ಎಸ್ಸೆಮ್ಮೆಸ್ ಮಾಡಿದೆ: ನಮ್ಮ ಪಚ್ಚಕ್ಕಳಂ. ಇಲ್ಲಿ ನೋಡಿ, ಬುದ್ಧಿ ಕೆಲಸ ಮಾಡಿತು. ಒಂದೇ ‘ಎಲ್’ ಹಾಕಿದರೆ ಆಶಾನ್ ಅದನ್ನು ‘ಕಲಂ’ ಎಂದು ಓದಿಬಿಟ್ಟರೆ? ಕಲಂ ಎಂದರೆ ಮಡಕೆ. ನಮ್ಮ ‘ಳ’ ಗಟ್ಟಿಯಾಗಿ ಬರಲಿ ಎಂದು, ನನ್ನ ಹಳೇ ಗುಂಡಿ ಮೊಬೈಲಿನಲ್ಲಿ ‘ಎಲ್’ ಇರುವ ಐದರ ಗುಂಡಿಯನ್ನು ಮೂರು ಸಲ ಒತ್ತಿದೆ, ನಿಂತು, ಮತ್ತೆ ಮೂರು ಸಲ ಒತ್ತಿದೆ. ಎರಡು ‘ಎಲ್’. ಜೀವಮಾನದಲ್ಲಿ ನಾನು ಜಾಗ್ರತೆ ವಹಿಸಿದ್ದು ಅದೊಂದೇ ಸಲ.

ಮರುದಿನ ತೀರ್ಪುಗಾರರು ಬರುವ ದಿನ. ಬೆಳಿಗ್ಗೆ ಮಗಳನ್ನೂ ಕರೆದುಕೊಂಡು ಎಡಪ್ಪಳ್ಳಿಗೆ ಹೋದರೆ ಅಂಗಡಿಯ ಮುಂದೆ ಜಾತ್ರೆ! ಬಸ್ಸುಗಳು ನಿಧಾನ ಮಾಡಿ ಹೋಗುತ್ತಿವೆ, ಕಿಟಕಿಯಿಂದ ಜನ ಕೈ ಬೀಸುತ್ತಿದ್ದಾರೆ. ಹಸಿರಿಗೆ ಈ ಊರಲ್ಲಿ ಎಷ್ಟು ಪ್ರೀತಿ ಎಂದು ನನ್ನ ಕಣ್ಣು ತುಂಬಿತು. ಒಬ್ಬ ಆಟೋದವನು ಇಳಿದು ಬಂದು ಕೈ ಕುಲುಕಿದ. “ಹೇಳಿದ್ದು ಒಳ್ಳೆಯದಾಯಿತು ಸಾರೇ. ನಮಗೆ ಇಷ್ಟು ದಿನ ಬರೀ ಸಂಶಯ ಇತ್ತು.”

ಏನು ಸಂಶಯ ಎಂದು ಕೇಳಲು ಹೊರಟೆ. ಪಕ್ಕದಲ್ಲಿ ಮಗಳು ಇರಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಬ್ಯಾನರಿನ ಕಡೆ ಬೆರಳು ತೋರಿಸಿ, ಒಂದೊಂದೇ ಅಕ್ಷರ ಓದಿದಳು: “ನಮ್ಮ… ಪಚ್ಚ… ಕ್ಕ… ಳ್ಳಂ!”

ನಮ್ಮ ಹಸಿ ಸುಳ್ಳು: ನೂರಕ್ಕೆ ನೂರು ಪ್ರಕೃತಿದತ್ತ. ಐದು ವರ್ಷ ಗ್ಯಾರಂಟಿ. ಕೆಳಗೆ ಮುದಲಾಳಿ, ಕೈ ಮುಗಿದು, ನಗುತ್ತಾ.

ಆಶಾನ್ ಅಲ್ಲೇ ನಿಂತು ತನ್ನ ಬರಹವನ್ನು ಹೆಮ್ಮೆಯಿಂದ ನೋಡುತ್ತಿದ್ದ. “ಏನಿದು ಆಶಾನೇ!” ಎಂದೆ.

“ನನಗೂ ಅನುಮಾನ ಬಂತು ಸಾರ್. ಆಮೇಲೆ, ಕಳಿಸಿದ್ದು ಯಾರು? ನೀವು. ಏನೋ ಹೊಸ ಕೀಟಲೆ ಇರಬೇಕು, ನಾನ್ಯಾಕೆ ಕೆಡಿಸಲಿ ಎಂದು ಆ ‘ಳ್ಳ’ವನ್ನು ಸ್ವಲ್ಪ ದಪ್ಪವಾಗಿಯೇ ಬರೆದೆ.”

ಬ್ಯಾನರು ಬಿಚ್ಚೋಣ ಎಂದು ಏಣಿ ಹತ್ತಿದೆ. ಮೇಲಿದ್ದಾಗಲೇ ಮುದಲಾಳಿಯ ಕಾರು ಬಂತು. ಓದಿದರು. ಬೈಯಲಿಲ್ಲ, ಕೂಗಲಿಲ್ಲ. “ತಿರುವನಂತಪುರದ ರೈಲು ನಾಳೆ ಬೆಳಿಗ್ಗೆ ಐದಕ್ಕೆ. ಈಗ ಇಳಿ” ಎಂದರು. ಇಳಿಯುವಷ್ಟರಲ್ಲಿ ತೀರ್ಪುಗಾರರೂ ಬಂದರು. ಅವರ ಮುಖ್ಯಸ್ಥೆ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಟೀಚರು. ಎಲೆಯ ರಂಗೋಲಿ ನೋಡಿದರು, ಬ್ಯಾನರು ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ಇದನ್ನು ಬರೆಸಿದ್ದು ಯಾರು?”

ಮುದಲಾಳಿ ನನ್ನನ್ನು ಮುಂದೆ ನೂಕಿದರು. ನನಗೆ ಬೇರೆ ದಾರಿ ಇರಲಿಲ್ಲ, ನಿಜ ಹೇಳಿದೆ. “ತಪ್ಪಾಯಿತು ಟೀಚರೇ. ಪಚ್ಚಕ್ಕಳಂ ಆಗಬೇಕಿತ್ತು. ಒಂದು ‘ಳ’ ಜಾಸ್ತಿ ಬಿತ್ತು.”

“ಸುಮ್ಮನೆ ವಿನಯ ಬೇಡ” ಎಂದರು ಟೀಚರು. “ಬೆಳಗ್ಗಿನಿಂದ ಹನ್ನೊಂದು ಅಂಗಡಿ ನೋಡಿದೆ. ಹನ್ನೊಂದರಲ್ಲೂ ಪಚ್ಚಕ್ಕಳ್ಳವೇ. ಹಾಗೆಂದು ಬೋರ್ಡು ಹಾಕುವ ಧೈರ್ಯ ಇದ್ದದ್ದು ನಿಮಗೊಬ್ಬರಿಗೆ.”

ಫಲಕ ನಮಗೇ ಬಂತು. ಮುದಲಾಳಿ ಅದನ್ನು ಎದೆಗವಚಿಕೊಂಡು ಟೀಚರಿಗೆ, “ಆ ಎರಡನೇ ‘ಳ’ ನನ್ನದೇ ಐಡಿಯಾ” ಎಂದರು. ಆಶಾನ್‌ಗೆ ಅಕ್ಕಪಕ್ಕದ ಅಂಗಡಿಗಳಿಂದ ಆರು ಬ್ಯಾನರಿನ ಕೆಲಸ ಸಿಕ್ಕಿತು. ನನಗೆ ಕೊಚ್ಚಿ ಉಳಿಯಿತು.

ಮನೆಗೆ ಬಂದರೆ ಬಾಗಿಲಲ್ಲೇ ಸೂಟ್‌ಕೇಸು. ಬ್ಯಾನರಿನ ಸುದ್ದಿ ಮಧ್ಯಾಹ್ನವೇ ಪಟ್ಟಂ ಮುಟ್ಟಿ, ಚೇಚ್ಚಿ ನನ್ನ ಹೆಂಡತಿಗೆ ಫೋನು ಮಾಡಿ, ಕುರ್ಚಿ ಸಿದ್ಧವಿದೆ ಎಂದು ತಿಳಿಸಿದ್ದರಂತೆ. ಹೆಂಡತಿ ಐದು ಅಂಗಿ, ಎರಡು ಲುಂಗಿ, ಒಂದು ಪುಟ್ಟ ಕುಕ್ಕರ್ ಎಲ್ಲ ತುಂಬಿಸಿ ಇಟ್ಟಿದ್ದಳು.

“ಬಿಚ್ಚು ಮಾರಾಯ್ತಿ!” ಎಂದೆ. “ಫಲಕ ಬಂತು. ಆ ತಪ್ಪಿಗೇ ಬಂತು. ನಾನು ಎಲ್ಲಿಗೂ ಹೋಗುವುದಿಲ್ಲ.”

“ಫಲಕ ಎಲ್ಲಿ?”

“ಮುದಲಾಳಿ ಇಟ್ಟುಕೊಂಡರು.”

“ಹೌದಾ” ಎಂದಳು ಅವಳು, ಸೂಟ್‌ಕೇಸಿಗೆ ಒಂದು ಉಪ್ಪಿನಕಾಯಿ ಭರಣಿ ಸೇರಿಸುತ್ತಾ.

“ನಂಬಿಕೆ ಇಲ್ಲದಿದ್ದರೆ ಮಗಳನ್ನು ಕೇಳು. ಅವಳು ಅಲ್ಲೇ ಇದ್ದಳು, ಎಲ್ಲ ಕಣ್ಣಾರೆ ನೋಡಿದ್ದಾಳೆ!”

ಹೆಂಡತಿ ಮಗಳ ಕಡೆ ತಿರುಗಿದಳು. ಮಗಳು ಪುಸ್ತಕದಿಂದ ತಲೆ ಎತ್ತಿ, ನನ್ನನ್ನು ನೋಡಿ, ಸೂಟ್‌ಕೇಸನ್ನು ನೋಡಿ, ನನ್ನದೇ ವಿಜ್ಞಾನಿಯ ಮುಖ ಮಾಡಿಕೊಂಡು ಹೇಳಿದಳು:

“ಪಚ್ಚಕ್ಕಳ್ಳಂ.”