ಗೇಟು ಹಾಕುವ ಮುಂಚೆ

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬೆಳಗಾಗುವುದು ನಿಲ್ಲುವವರೆಗೂ ಇಂಥ ಪ್ರಸಂಗಗಳು ನಿಲ್ಲುವುದಿಲ್ಲ.

ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಕೊನೆಯ ಮಾತು. ಆಗ ನಾವು ನಂಜನಗೂಡಿನಲ್ಲಿದ್ದೆವು. ನಾನು ಅಲ್ಲಿನ ಒಂದು ಬ್ಯಾಂಕಿನಲ್ಲಿ ಆಫೀಸರು. ಮಗ ಎರಡನೇ ಕ್ಲಾಸು, ಮಗಳು ಯು.ಕೆ.ಜಿ. ಹೆಂಡತಿಗೆ ವರ್ಷಗಟ್ಟಲೆ ಕಾದ ಮೇಲೆ ಹೈಸ್ಕೂಲ್ ಮೇಡಂ ಕೆಲಸ ಸಿಕ್ಕಿತು, ಅದೂ ಟಿ. ನರಸೀಪುರದಲ್ಲಿ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬೆಳಗಿನ ಸ್ಪೆಷಲ್ ಕ್ಲಾಸು ಬೇರೆ ಇವಳಿಗೇ ಬಿತ್ತು. ಹಾಗಾಗಿ ಮಕ್ಕಳು ಕಣ್ಣು ಬಿಡುವ ಹೊತ್ತಿಗೆ ಅವಳು ಬಸ್ ಸ್ಟ್ಯಾಂಡಿನ ದಾರಿಯಲ್ಲಿರುತ್ತಿದ್ದಳು.

ಮಕ್ಕಳ ಸ್ಕೂಲು ಕಟ್ಟುನಿಟ್ಟಿನದು. ಬೆಲ್ ಹೊಡೆದ ಮೇಲೆ ಗೇಟು ಹಾಕಿದರೆ ಮುಗಿಯಿತು, ಆಚೆ ಉಳಿದ ಮಗು ಮನೆಗೆ ವಾಪಸ್. ನನಗೇನೋ ಆ ಪದ್ಧತಿ ಬಹಳ ಹಿಡಿಸಿತ್ತು. ಹೆಂಡತಿ ಮಾತ್ರ ಕೆಲಸಕ್ಕೆ ಸೇರುವ ಹಿಂದಿನ ದಿನ ಸ್ಪಷ್ಟವಾಗಿ ಹೇಳಿದಳು: "ನೋಡಿ, ಒಂದೇ ಒಂದು ದಿನ ನನ್ನ ಮಕ್ಕಳು ಗೇಟಿನಾಚೆ ನಿಂತರೂ ನಾನು ಕೆಲಸ ಬಿಟ್ಟು ಮನೇಲಿರ್ತೀನಿ."

ಆ ಕೆಲಸಕ್ಕಾಗಿ ಅವಳು ಎಷ್ಟು ಓದಿದ್ದಳು, ಎಷ್ಟು ಅಲೆದಿದ್ದಳು ಎಂದು ನನಗೆ ಗೊತ್ತು. ನಿಶ್ಚಿಂತೆಯಾಗಿ ಹೋಗು ಎಂದೆ. ನಾನು ಮೈಸೂರಿನಲ್ಲಿ ಇಂಗ್ಲಿಷ್ ಮೀಡಿಯಂ ಹಾಸ್ಟೆಲಿನಲ್ಲಿ ಬೆಳೆದವನು. ಶಿಸ್ತು ಇದ್ದರೆ ಇಬ್ಬರು ಮಕ್ಕಳೇನು, ಒಂದು ಪಟಾಲಮ್ಮನ್ನೇ ಹೊರಡಿಸಬಹುದು.

ಸೀಟಿ

ನಮ್ಮ ಹಾಸ್ಟೆಲಿನಲ್ಲಿ ವಾರ್ಡನ್ ಒಮ್ಮೆ ಸೀಟಿ ಊದಿದರೆ ಅಷ್ಟೂ ಹುಡುಗರು ಮಂಚದಿಂದಿಳಿದು ನೆಟ್ಟಗೆ ನಿಲ್ಲುತ್ತಿದ್ದೆವು. ಆ ಪದ್ಧತಿಯನ್ನೇ ಮನೆಯಲ್ಲೂ ಜಾರಿಗೆ ತರೋಣವೆಂದು ಒಂದು ಸೀಟಿ ಕೊಂಡು ತಂದೆ. ಮೊದಲ ದಿನ ಮಕ್ಕಳ ಹಾಸಿಗೆಯ ಪಕ್ಕದಲ್ಲಿ ನಿಂತು, ಎದೆ ತುಂಬ ಉಸಿರೆಳೆದು ಊದಿದೆ.

ಬೀದಿಯ ನಾಯಿಗಳೆಲ್ಲ ಎದ್ದವು. ಹಾಲಿನವನು ಸೈಕಲ್ ಇಳಿದುಬಿಟ್ಟ. ಎದುರುಮನೆಯಲ್ಲಿ ಪೊಲೀಸ್ ಇಲಾಖೆಯಿಂದ ರಿಟೈರಾದ ದಫೇದಾರರೊಬ್ಬರಿದ್ದರು. ಅವರು ಬನಿಯನ್ನು, ಪಟ್ಟಾಪಟ್ಟಿ ಚಡ್ಡಿಯಲ್ಲೇ ಲಾಠಿ ಹಿಡಿದು ನಮ್ಮ ಬಾಗಿಲಿಗೆ ಓಡಿಬಂದರು.

"ಎಲ್ಲಿ ಸಾ ಗಲಾಟೆ?"

ಗಲಾಟೆ ಏನಿಲ್ಲ, ಮಕ್ಕಳನ್ನು ಎಬ್ಬಿಸುತ್ತಿದ್ದೇನೆ ಎಂದೆ. ಅವರು ನನ್ನ ಹೆಗಲ ಮೇಲಿಂದ ಒಳಗೆ ಇಣುಕಿದರು. ಮಗ ಗೋಡೆಯ ಕಡೆ ಹೊರಳಿ ಮಲಗಿದ್ದ. ಮಗಳ ಗೊರಕೆ ಬಾಗಿಲವರೆಗೂ ಕೇಳುತ್ತಿತ್ತು.

"ಮೆಲ್ಲಗೆ ಊದಿ ಸಾ," ಎಂದರು ದಫೇದಾರರು, "ಪಾಪ, ಎದ್ದುಬಿಟ್ಟಾವು."

ಇಡ್ಲಿ

ಊಟದ ವಿಷಯದಲ್ಲಿ ನನ್ನದು ಎರಡು ನಿಯಮ. ತಟ್ಟೆ ಖಾಲಿಯಾಗದೆ ಏಳಬಾರದು. ಬಾಯಲ್ಲಿ ತುತ್ತಿಟ್ಟುಕೊಂಡು ಮಾತಾಡಬಾರದು. ಮಗಳು ಎರಡನ್ನೂ ಚಾಚೂ ತಪ್ಪದೆ ಪಾಲಿಸುತ್ತಿದ್ದಳು. ಒಂದು ದಿನ ಆಟೋ ಬಂದು ಹಾರ್ನ್ ಹೊಡೆಯುವಾಗ ಅವಳ ತಟ್ಟೆ ಖಾಲಿಯಾಗಿ ಕನ್ನಡಿಯಂತೆ ಹೊಳೆಯುತ್ತಿತ್ತು. ಭೇಷ್ ಎಂದು ಬೆನ್ನು ತಟ್ಟಿ ಆಟೋ ಹತ್ತಿಸಿದೆ.

ಹನ್ನೊಂದು ಗಂಟೆಗೆ ಸ್ಕೂಲಿನಿಂದ ಬ್ಯಾಂಕಿಗೆ ಫೋನು. ಮಗುವಿನ ಕೆನ್ನೆ ಊದಿಕೊಂಡಿದೆ, ಏನು ಕೇಳಿದರೂ ಬಾಯಿ ಬಿಡುತ್ತಿಲ್ಲ, ತುಂಬಾ ನೋವಿರಬೇಕು, ಕೂಡಲೇ ಬನ್ನಿ ಎಂದರು. ಮ್ಯಾನೇಜರಿಗೆ ಹೇಳಿ ಓಡಿದೆ. ಹೋಗಿ ನೋಡಿದರೆ ನಿಜವಾಗಿಯೂ ಎಡಗೆನ್ನೆ ನಿಂಬೆಹಣ್ಣಿನಂತಾಗಿದೆ. ನಾನು ಕೇಳಿದರೂ ಮಾತಿಲ್ಲ, ಬರೀ ಕಣ್ಣು ಬಿಡುತ್ತಾಳೆ. ಸ್ಕೂಟರಿನಲ್ಲಿ ಕೂರಿಸಿಕೊಂಡು ನೇರ ಹಲ್ಲಿನ ಡಾಕ್ಟರ ಹತ್ತಿರ ಹೋದೆ.

ಡಾಕ್ಟರು ಅವಳನ್ನು ಕುರ್ಚಿಗೆ ಒರಗಿಸಿ, ದೀಪ ಬಿಟ್ಟು, ಇಕ್ಕಳ ಹಾಕಿ ಮೆಲ್ಲಗೆ ಎಳೆದರು. ಬೆಳಗಿನ ಅರ್ಧ ಇಡ್ಲಿ ಹಾಗೆಹಾಗೇ ಹೊರಬಂತು. ಯಾಕಮ್ಮ ಮಿಸ್ಸಿಗೆ ಹೇಳಲಿಲ್ಲ ಎಂದು ಡಾಕ್ಟರು ಕೇಳಿದರು.

"ಬಾಯಲ್ಲಿ ತಿಂಡಿ ಇದ್ದಾಗ ಮಾತಾಡಬಾರದು ಅಂಕಲ್," ಎಂದಳು ಮಗಳು.

ಡಾಕ್ಟರು ಇಡ್ಲಿಯನ್ನು ಇಕ್ಕಳದಲ್ಲೇ ಹಿಡಿದು ನನ್ನ ಕಡೆ ತಿರುಗಿದರು. "ಚಟ್ನಿ ಹಾಕಿ ಕೊಡಿ ಸಾರ್. ಬೇಗ ಇಳಿಯುತ್ತೆ."

ಗಡಿಯಾರ

ಆಟೋದವನು ದೇವನೂರಿನ ಕಡೆಯವನು. ನಮ್ಮ ಬೀದಿಯ ಮಕ್ಕಳನ್ನೆಲ್ಲ ಪುರಿ ಮೂಟೆಯ ಹಾಗೆ ಒತ್ತಿ ತುಂಬಿಕೊಂಡು ಹೋಗುತ್ತಿದ್ದ. ಅವನು ಬಂದು ಹಾರ್ನ್ ಹೊಡೆದ ಮೇಲೆ ಕಾಲುಚೀಲ ಹುಡುಕುವುದು ನನಗೆ ಅವಮಾನವೆನಿಸುತ್ತಿತ್ತು. ಆದ್ದರಿಂದ ಗೋಡೆ ಗಡಿಯಾರವನ್ನು ಯಾರಿಗೂ ಹೇಳದೆ ಕಾಲು ಗಂಟೆ ಮುಂದಿಟ್ಟೆ. ಹೆಂಡತಿಗೆ ನನ್ನ ಶಿಸ್ತಿನ ಮೇಲೆ ಅಷ್ಟು ನಂಬಿಕೆಯಿರಲಿಲ್ಲವೋ ಏನೋ, ರಾತ್ರಿ ಮಲಗುವ ಮುಂಚೆ ಅವಳೂ ಗುಟ್ಟಾಗಿ ಅರ್ಧ ಗಂಟೆ ಮುಂದಿಟ್ಟಳು. ಸಾಹೇಬರು ಬೆಳಗ್ಗೆ ಎಲ್ಲರ ಮೇಲೂ ರೇಗುತ್ತಾರೆಂದು ಕೆಲಸದಾಕೆ ತನ್ನ ಪಾಲಿನ ಕಾಲು ಗಂಟೆ ಸೇರಿಸಿದಳು.

ಮಾಗಿಯ ಚಳಿ, ಹೊರಗೆ ದಟ್ಟ ಮಂಜು. ಬಚ್ಚಲಿನಲ್ಲಿ ಮಕ್ಕಳ ತಲೆಗೆ ನೀರು ಹಾಕುವಾಗ ಹೆಂಡತಿ ಹೋಗಿ ಬರ್ತೀನಿ ಎಂದದ್ದು ಕೇಳಿಸಿತು. ಹೊರಗೆ ಬಂದು ಗಡಿಯಾರ ನೋಡಿದರೆ ಗೇಟು ಹಾಕುವ ಹೊತ್ತು ಹತ್ತಿರವಾಗಿದೆ. ಆಟೋ ಹೊತ್ತು ಮೀರಿದರೂ ಬಂದಿಲ್ಲ. ಅವನು ಕೈಕೊಟ್ಟನೆಂದು ಬೈಯುತ್ತ, ಮಕ್ಕಳಿಗೆ ಕೈಗೆ ಸಿಕ್ಕಿದ್ದು ತೊಡಿಸಿ, ಒಬ್ಬನನ್ನು ಮುಂದೆ, ಒಬ್ಬಳನ್ನು ಹಿಂದೆ ಸ್ಕೂಟರಿಗೆ ಹತ್ತಿಸಿ ಹೊರಟೆ. ಇವತ್ತು ಗೇಟು ಹಾಕಿದರೆ ಹೆಂಡತಿಯ ಕೆಲಸಕ್ಕೆ ಕುತ್ತು ಎನ್ನುವುದೊಂದೇ ತಲೆಯಲ್ಲಿ.

ಬಸ್ ಸ್ಟ್ಯಾಂಡ್ ಮುಂದೆ ಹಾದುಹೋಗುವಾಗ ಮಗ ಅಮ್ಮ, ಅಮ್ಮ ಎಂದು ಕೂಗಿದ. ಬ್ರೇಕ್ ಹಾಕಿದೆ. ಟಿ. ನರಸೀಪುರದ ಬಸ್ಸಿಗೆ ಕಾಯುತ್ತ ಹೆಂಡತಿ ಕಲ್ಲುಬೆಂಚಿನ ಮೇಲೆ ಶಾಲು ಹೊದ್ದು ಕೂತಿದ್ದಳು. ನಮ್ಮ ಮೂವರನ್ನೂ ಒಂದು ಸಲ ನೋಡಿದಳು, ತನ್ನ ಕೈಗಡಿಯಾರವನ್ನು ಒಂದು ಸಲ ನೋಡಿದಳು.

"ಏನ್ರೀ, ಇಷ್ಟು ಬೇಗ ಸ್ಕೂಲು ಬಿಟ್ಟುಬಿಟ್ರಾ?"

ಸೋಮವಾರ

ಇದಾದ ಮೇಲೆ ತಗಡೂರಿನಲ್ಲಿ ನಮ್ಮ ಅಣ್ಣನ ಮನೆಯಲ್ಲಿದ್ದ ತಾಯಿಯವರನ್ನು ಹೆಂಡತಿ ಕರೆಸಿಕೊಂಡಳು. ಅವರು ಬಂದ ಮೊದಲ ಸೋಮವಾರವೇ ತಕರಾರು ಶುರುವಾಯಿತು. ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ, ಆ ಹೊತ್ತಿನಲ್ಲಿ ಮಕ್ಕಳು ಹೊಸ್ತಿಲು ದಾಟಕೂಡದು ಎಂದರು. ಗೇಟು ಹಾಕುವುದು ಎಂಟೂವರೆಗೆ. ಸ್ಕೂಲಿನವರಿಗೆ ರಾಹು ಗೊತ್ತಿಲ್ಲಮ್ಮ, ಇಂಥದ್ದೆಲ್ಲ ನನ್ನ ಹತ್ತಿರ ನಡೆಯುವುದಿಲ್ಲ ಎಂದೆ. ಅವರು ವಾದ ಮಾಡಲಿಲ್ಲ. ಆಯ್ತು ಕಣಪ್ಪ ಎಂದು ಅಡಿಗೆಮನೆಗೆ ಹೋದರು.

ಆಟೋ ಬಂತು. ಮಕ್ಕಳಿಗೆ ಕಾಲುಚೀಲ ಹಾಕಿದ್ದಾಗಿದೆ, ಶೂ ಇಲ್ಲ. ಬ್ಯಾಗೂ ಇಲ್ಲ. ಮಂಚದ ಕೆಳಗೆ, ಬೀರುವಿನ ಹಿಂದೆ, ಕೊನೆಗೆ ಅಕ್ಕಿ ಡಬ್ಬದಲ್ಲೂ ನೋಡಿದೆ. ಆಟೋದವನು "ಬತ್ತೀನಿ ಸಾ, ಮಿಕ್ಕ ಮಕ್ಳಿಗೂ ಗೇಟ್ ಆಕ್ಬುಡ್ತಾರೆ" ಎಂದು ಹೊರಟೇಹೋದ. ನಾನು ಮೈಯೆಲ್ಲ ಬೆವತು, ಶೂ ಎಲ್ಲಿ ಹೋಯಿತು ಎಂದು ಕೂಗಾಡುತ್ತಿದ್ದರೆ ತಾಯಿಯವರು ಶಾಂತವಾಗಿ ಬಂದರು.

"ಕೂಗಬ್ಯಾಡ ಕಣಪ್ಪ. ಅವು ಆಗಲೇ ಹೊಂಟವೆ."

ಏಳೂವರೆಯಾಗುವ ಮುಂಚೆಯೇ ಶೂ, ಬ್ಯಾಗು ಎರಡನ್ನೂ ದಫೇದಾರರ ಜಗುಲಿಯ ಮೇಲೆ ಪ್ರಸ್ಥಾನ ಇಟ್ಟು ಬಂದಿದ್ದರು. ಹೋಗುವವರ ಸಾಮಾನು ಒಳ್ಳೆಯ ಹೊತ್ತಿನಲ್ಲಿ ಬೇರೆ ಮನೆ ಸೇರಿದರೆ ಪಯಣ ಹೊರಟ ಹಾಗೆಯೇ ಲೆಕ್ಕ, ಆಮೇಲೆ ರಾಹು ಏನೂ ಮಾಡುವ ಹಾಗಿಲ್ಲವಂತೆ. ಶೂಗಳನ್ನು ಮಕ್ಕಳ ಕೈಗೇ ಕೊಟ್ಟು ಸ್ಕೂಟರು ಓಡಿಸಿದೆ. ವಾಚ್‌ಮನ್ ಗೇಟು ಎಳೆಯುತ್ತಿದ್ದ. ಮಕ್ಕಳು ಶೂ ಹಿಡಿದುಕೊಂಡು ಸಂದಿಯಲ್ಲಿ ನುಸುಳಿದರು.

ಸಂಜೆ ಮಗಳು ಎಲ್ಲದರ ವರದಿ ಒಪ್ಪಿಸಿದಳು. ಹೆಂಡತಿ, ಈ ತಿಂಗಳಿಗೇ ಕೆಲಸ ಬಿಡುತ್ತೇನೆ ಎಂದಳು. ಹೇಳಿದವಳು ಮಕ್ಕಳ ಶೂ ತೆಗೆದುಕೊಂಡು ನಾಳೆಗೆ ಪಾಲಿಶ್ ಹಾಕತೊಡಗಿದಳು. ತಾಯಿಯವರು, ಇನ್ನೊಂದು ಸೋಮವಾರ ನೋಡವ್ವ, ಅದು ನನಗೆ ಬಿಡು ಎಂದರು.

ಮುಂದಿನ ಸೋಮವಾರ ಅವರು ಶೂ ಬ್ಯಾಗನ್ನು ಮುಟ್ಟಲಿಲ್ಲ. ಮಕ್ಕಳನ್ನೇ ಪ್ರಸ್ಥಾನ ಇಟ್ಟರು. ಏಳೂಕಾಲಕ್ಕೆಲ್ಲ ಇಬ್ಬರೂ ಸ್ನಾನ ಮಾಡಿ, ತಿಂಡಿ ತಿಂದು, ವಿಭೂತಿ ಇಟ್ಟು, ಟೈ ಸಮೇತ ಎದುರು ಜಗುಲಿಯಲ್ಲಿ ಕಾಲಾಡಿಸುತ್ತ ಕೂತಿದ್ದರು. ಇನ್ನೂ ಮಲಗಿದರೆ ರಾಹು ಹಿಡೀತಾನೆ ಎಂದದ್ದಷ್ಟೇ ಸಾಕಾಯಿತಂತೆ. ಆಟೋದವನು ಬಂದು ಯಾರೂ ಕೂಗದೆ ಮಕ್ಕಳು ಹತ್ತಿದ್ದು ನೋಡಿ ಗಾಬರಿಯಾಗಿ, "ಮನೇಲಿ ಎಲ್ಲಾರೂ ಚೆಂದಾಗವ್ರಾ ಸಾ?" ಎಂದು ನನ್ನನ್ನು ಕೇಳಿದ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಯ ಮುಖ ಅರಳಿತ್ತು. ರಾಜೀನಾಮೆಯ ಮಾತು ತೆಗೆಯಲಿಲ್ಲ. ಅನ್ನ ಬಡಿಸುತ್ತ ಒಂದೇ ಒಂದು ಚಿಂತೆ ಹೇಳಿಕೊಂಡಳು: ಸೋಮವಾರವೇನೋ ಸರಿ, ಬಾಕಿ ದಿನಗಳಲ್ಲಿ ಬೆಳಗಿನ ಹೊತ್ತು ರಾಹುಕಾಲ ಇಲ್ಲವಲ್ಲ ಅತ್ತೆ, ಮಕ್ಕಳು ಯಾವುದಕ್ಕೆ ಹೆದರಬೇಕು?

"ಇಲ್ಲದೆ ಏನವ್ವ," ಎಂದರು ತಾಯಿಯವರು, "ಬುಧವಾರ ಅದೇ ಹೊತ್ತಿಗೆ ಯಮಗಂಡ ಕಾಲ. ಶುಕ್ರವಾರ ಗುಳಿಕ ಕಾಲ."

"ಮಂಗಳವಾರ, ಗುರುವಾರ, ಶನಿವಾರ?"

ತಾಯಿಯವರು ಮಜ್ಜಿಗೆ ಸುರಿದುಕೊಂಡು, ನನ್ನ ಕಡೆ ಕೈ ಮಾಡಿದರು.

"ಆವತ್ತು ಇವನಿದಾನಲ್ಲ."