ಪೂಜೆ ಮಾಡಿಸಿಕೊಂಡ ಜನರೇಟರ್

ನಮ್ಮ ಓನರ್ ಯಾರ ಜೊತೆ ಮಾತಾಡಿದರೂ ಅವರ ಮುಖ ನೋಡುತ್ತಿರಲಿಲ್ಲ. ತಲೆಯ ಮೇಲೆ ತೂಗುವ ಬಲ್ಬನ್ನು ನೋಡುತ್ತಿದ್ದರು. ಎಂಬತ್ತರ ದಶಕದ ಪೀಣ್ಯದಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು, ಅದಕ್ಕೇ ಈ ಕಾವಲು. ಅದು ಹೋದಾಗಲೆಲ್ಲ ನಮ್ಮ ಶೆಡ್ಡಿನಲ್ಲಿ ಏನಾದರೊಂದು ತಮಾಷೆ ಆಗದೆ ಇರುತ್ತಿರಲಿಲ್ಲ.

ಇಂಟರ್‌ವ್ಯೂ

ನಾನು ಕೆಲಸ ಕೇಳಿಕೊಂಡು ಹೋದ ದಿನವೂ ಅವರ ಕಣ್ಣು ನನ್ನ ತಲೆಯ ಮೇಲೇ. ಅಲ್ಲಿ ಹಲ್ಲಿ ಇರಬೇಕು ಅಂದುಕೊಂಡು ಕತ್ತು ಅಲ್ಲಾಡಿಸದೆ ಕೂತೆ.

"ಇಂಗ್ಲಿಷ್ ಮೀಡಿಯಮ್ಮಾ?"

"ಹ್ಞೂಂ ಸಾರ್."

"ಟೈಪಿಂಗು?"

"ಹ್ಞೂಂ ಸಾರ್."

ಅದಕ್ಕಿಂತ ಹೆಚ್ಚು ಮಾತು ನನ್ನ ಬಾಯಿಂದ ಹೊರಡುತ್ತಿರಲಿಲ್ಲ. ಹೊರಗೆ ಬಂದಾಗ ಅವರು ಫೋರ್‌ಮನ್‌ಗೆ ಹೇಳುತ್ತಿದ್ದುದು ಕೇಳಿಸಿತು: "ಹುಡುಗಿ ಗಟ್ಟಿ ಕಣಯ್ಯಾ, ಒಂಚೂರೂ ಅಲ್ಲಾಡಲಿಲ್ಲ!"

ದೇಶ ಕಾಯುವ ದೀಪ

ಕರಾವಳಿಯಲ್ಲಿ ಎಣ್ಣೆ ಉರಿಸಿ ಕರೆಂಟು ತೆಗೆಯುವ ಒಂದು ದೊಡ್ಡ ಸ್ಥಾವರಕ್ಕೆ, ಎಣ್ಣೆ ಚಿಮ್ಮಿಸುವ ನಾಜಲ್ ಮಾಡಿಕೊಡುವ ಆರ್ಡರ್ ಸಿಕ್ಕಿತು. ನಾವು ಮಾಡಿದ್ದನ್ನು ಸ್ಥಾವರದವರು ಒಪ್ಪಿದರೆ ಶೆಡ್ಡು ಉಳಿಯಿತು, ಇಲ್ಲದಿದ್ದರೆ ಬೀಗ. ಕೆಲಸ ನೋಡಲು ಬಂದ ಅಧಿಕಾರಿಗೆ ಕನ್ನಡ ಬಾರದು. ಅವರ ಇಂಗ್ಲಿಷನ್ನು ನಾನೇ ಎಲ್ಲರಿಗೂ ಕನ್ನಡದಲ್ಲಿ ಹೇಳಬೇಕಾಯಿತು.

"ಮಳೆ ಕೈಕೊಟ್ಟು ಅಣೆಕಟ್ಟು ಬರಿದಾದಾಗ, ಸಂಜೆ ಎಲ್ಲರೂ ಒಟ್ಟಿಗೇ ದೀಪ ಹಾಕಿದಾಗ, ದೇಶಾನ ಕಾಯೋದು ಇವರ ಸ್ಥಾವರವಂತೆ. ಇವರಿರೋವರೆಗೂ ಕತ್ತಲೆ ಅನ್ನೋದೇ..."

ಬಲ್ಬ್ ಆರಿತು.

ಕತ್ತಲಲ್ಲಿ ಫೋರ್‌ಮನ್ ದನಿ: "ಮುಂದಕ್ಕೇಳಮ್ಮ, ಕೇಳಿಸ್ಕೋತಾ ಇದೀವಿ."

ಆಯುಧಪೂಜೆಯ ಮಾರನೆಯ ದಿನ

ನಾಜಲ್ ಪರೀಕ್ಷೆಗೆ ಅದೇ ಅಧಿಕಾರಿ ಬಂದರು. ಪಂಪು ಹಾಕಬೇಕು, ಕರೆಂಟು ಹೋಯಿತು. ಶೆಡ್ಡಿನ ಹಿಂದಿದ್ದ ಡೀಸೆಲ್ ಜನರೇಟರ್ ತಿರುಗಿಸಿದರೆ ಎರಡು ಸಲ ಕೆಮ್ಮಿ ಸುಮ್ಮನಾಯಿತು.

"ನಿನ್ನೆ ತಾನೇ ಕುಂಬಳಕಾಯಿ ಒಡ್ದಿದೀವಿ, ಇನ್ನೇನು ಬೇಕಂತೆ ಇದಕ್ಕೆ?" ಓನರ್‌ಗೆ ಅಳುವೇ ಬಂದಿತ್ತು.

"ಮಧ್ಯಾಹ್ನ ನನ್ನ ರೈಲು," ಅಂದರು ಅಧಿಕಾರಿ ಇಂಗ್ಲಿಷಿನಲ್ಲಿ. "ಅಷ್ಟರಲ್ಲಿ ಆಗದಿದ್ದರೆ ಆರ್ಡರ್ ಬೇರೆಯವರಿಗೆ."

ನಾನು ಮೂಲೆಯಿಂದ ನೋಡುತ್ತಿದ್ದೆ. ಜನರೇಟರ್‌ಗೆ ಕುಂಕುಮ, ಬಾಳೆಕಂದು ಎಲ್ಲ ಸರಿ. ಆದರೆ ಹೊಗೆ ಕೊಳವೆಯ ಬಾಯಿಗೂ ಫೋರ್‌ಮನ್ ಭಕ್ತಿಯಿಂದ ಚೆಂಡುಹೂವಿನ ಹಾರ ತುರುಕಿದ್ದ!

"ಸಾರ್, ಹೂವು..." ಅಂದೆ. ಯಾರಿಗೂ ಕೇಳಿಸಲಿಲ್ಲ. ನೇರ ಹೋಗಿ ಹಾರದ ತುದಿ ಹಿಡಿದು ಎಳೆದೇ ಬಿಟ್ಟೆ.

"ಪೂಜೆ ಹೂವಮ್ಮಾ! ಕೀಳ್ಬಾರ್ದು, ತಾನಾಗೇ ಬೀಳ್ಬೇಕು!" ಫೋರ್‌ಮನ್ ಕೂಗಿದ.

"ತಿರುಗಿಸಯ್ಯಾ ಹ್ಯಾಂಡಲ್ಲು!" ಓನರ್ ಅವನಿಗಿಂತ ಜೋರಾಗಿ ಕೂಗಿದರು.

ಢಬ್! ಒಳಗೆ ಉಳಿದಿದ್ದ ಹೂವೆಲ್ಲ ಮಸಿಯ ಸಮೇತ ಹಾರಿ, ಎದುರಿಗೆ ನಿಂತಿದ್ದ ಅಧಿಕಾರಿಯ ಮೇಲೆ ಸುರಿಯಿತು. ಜನರೇಟರ್ ಗುಡುಗಿತು. ಒಳಗೆ ಬಲ್ಬ್ ಹತ್ತಿತು, ಪಂಪು ತಿರುಗಿತು, ನಾಜಲ್‌ನಿಂದ ಎಣ್ಣೆ ಛತ್ರಿ ಬಿಚ್ಚಿದ ಹಾಗೆ ಹರಡಿತು. ಪರೀಕ್ಷೆಗೆ ಇಟ್ಟಿದ್ದ ನಾಜಲ್ ಅಷ್ಟೂ ಪಾಸು! ಫೋರ್‌ಮನ್ ಶಿಳ್ಳೆ ಹೊಡೆದ.

ಅಧಿಕಾರಿ ಸಹಿ ಹಾಕಿ, ಮೀಸೆಯಿಂದ ಎಸಳು ಬಿಡಿಸಿಕೊಳ್ಳುತ್ತ ಇಂಗ್ಲಿಷಿನಲ್ಲಿ ನನಗೆ ಹೇಳಿದರು: "ಎಷ್ಟೋ ಕಾರ್ಖಾನೆ ನೋಡಿದ್ದೇನೆ. ಯಂತ್ರದ ಕೈಲೇ ಹೂಮಳೆ ಸುರಿಸಿ ಬರಮಾಡಿಕೊಂಡವರು ನೀವೇ ಮೊದಲು. ಮುಂದಿನ ತಿಂಗಳು ನಮ್ಮ ಚೀಫ್ ಇಂಜಿನಿಯರ್ ಬರ್ತಾರೆ. ದಯವಿಟ್ಟು ಅವರಿಗೂ ಇದೇ ಮರ್ಯಾದೆ ಮಾಡಿಸಿ."

ಓನರ್ ಮೊಟ್ಟಮೊದಲ ಬಾರಿಗೆ ನನ್ನ ಮುಖ ನೋಡಿದರು. "ಏನಂತಮ್ಮಾ? ಏನೋ ಕೇಳ್ತಿದಾರೆ?"

ನಾನು ಬಲ್ಬ್ ನೋಡುತ್ತ ನಿಂತೆ.