ಅಬ್ಬಾನ ಹೆಬ್ಬೆರಳಿನ ವಿಷಯವಾಗಿ ಚೀನೀ ವೈದ್ಯರಿಗೆ

ಗುಂಡ್ಲುಪೇಟೆಯ ಲಾಡ್ಜಿನ ಮಹಡಿಯಲ್ಲಿ ಭಾನುವಾರ ಮಾತ್ರ ದರ್ಶನ ಕೊಡುತ್ತಿದ್ದು, ಈಗ ಯಾವ ವಾರವೂ ಕೊಡದೆ ಮಾಯವಾಗಿರುವ ಚೀನೀ ವೈದ್ಯ ಮಾನ್ಯರೇ, ತಮ್ಮ ಕೈಕಾಲುಗಳು ಸುಖವಾಗಿವೆ ಎಂದು ನಂಬಿ ಟೈಲರ್ ಅಜ್ಮತ್ ಉಲ್ಲಾ ಅವರ ಮಗ ಯಾಸಿರ್ ಮಾಡುವ ಸಲಾಮುಗಳು. ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು. ತಾವು ಚೀನಾದಲ್ಲೇ ಓದಿದವರೆಂದು ಬೋರ್ಡಿನಲ್ಲಿತ್ತು. ಆದ್ದರಿಂದ ಈ ಪತ್ರದಲ್ಲಿ ತಪ್ಪೇನಾದರೂ ಇದ್ದರೆ ನನ್ನದೇ ಇರಬೇಕು.

ಅಬ್ಬಾನ ಬಲಗಾಲಿನ ಹೆಬ್ಬೆರಳು ಕೆಂಪಗೆ ಊದಿಕೊಂಡು, ಹೊದಿಕೆ ತಾಗಿದರೂ ನರಳುವಂತಾಗಿ, ಹೊಲಿಗೆ ಮಿಷನ್ ತುಳಿಯುವುದು ನಿಂತಿತು. ಅಂಗಿ ಬಟ್ಟೆ ಕೊಟ್ಟು ಕಾಯುತ್ತಿದ್ದ ಉಡಿಗಾಲದ ಗುರುಪಾದಸ್ವಾಮಿಯವರು ಬಂದು ನೋಡಿ, "ಏನ್ ಸಾಬ್ರೇ, ಬೆಳ್ಳು ಬದ್ನೆಕಾಯಂಗಾಗದಲ್ಲ, ತರ್ಕಾರಿ ಮಂಡಿಗೆ ಹಾಕ್ಬುಡನ?" ಎಂದರು. ನೋಡಿದವರೆಲ್ಲ ನಕ್ಕರು. ಲಾಡ್ಜಿಗೆ ಕರೆತಂದಾಗ ತಾವೊಬ್ಬರೇ ನಗಲಿಲ್ಲ. ನಾಡಿ ಹಿಡಿದಿರಿ, ನಾಲಿಗೆ ಚಾಚಿಸಿ ನೋಡಿದಿರಿ, ಮೈಯೊಳಗೆ ತೇವವೂ ಉಷ್ಣವೂ ಕೂಡಿ ಕಾಲಿಗಿಳಿದಿವೆ ಎಂದಿರಿ. ನಾವು ಅಬ್ಬಾನ ನಾಲಿಗೆಯನ್ನು ಇಷ್ಟು ವರ್ಷ ಕೇಳಿದ್ದೆವೇ ಹೊರತು ನೋಡಿರಲಿಲ್ಲ.

ನಮ್ಮಲ್ಲಿ ಕಾಲಿಗೆ ಏನೇ ಆದರೂ ಆಡಿನ ಕಾಲಿನ ಪಾಯಾ ಕುಡಿಸುವುದು ವಾಡಿಕೆ. "ಪಾಯಾ ಕೊಡಬೌದಾ ಡಾಕ್ಟ್ರೇ?" ಎಂದು ಅಮ್ಮಿ ಕೇಳಿದ್ದಕ್ಕೆ ತಾವು ಪುಡಿ ಕಟ್ಟುತ್ತಾ ತಲೆ ಎತ್ತದೆಯೇ, "ಧಾರಾಳವಾಗಿ ಕೊಡಿ ತಾಯಿ" ಎಂದಿರಿ.

ತಮ್ಮ ಪುಡಿಯನ್ನು ಹೊಗಳಲು ನನ್ನ ಓದು ಸಾಲದು. ಮೂರನೇ ದಿನಕ್ಕೆ ಅಬ್ಬಾ ಮಿಷನ್ ತುಳಿದರು. ಆ ಖುಷಿಗೆ ಮನೆಯಲ್ಲಿ ಮತ್ತೆ ಪಾಯಾ. ಹೆಬ್ಬೆರಳು ಮತ್ತೆ ಊದಿತು, ಮತ್ತೆ ಪುಡಿ, ಮತ್ತೆ ಪಾಯಾ. ತಿಂಗಳುಗಳು ಕಳೆದಂತೆ ಅಬ್ಬಾನ ಮುಖ ಗುಂಡಗಾಯಿತು. ಮೈ ಕೈ ತುಂಬಿಕೊಂಡರೆಂದು ಅಮ್ಮಿ ದೃಷ್ಟಿ ತೆಗೆದಳು.

ಕೊನೆಗೆ ನಾನೇ ಚಾಮರಾಜನಗರಕ್ಕೆ ಡಾಕ್ಟರ್ ಶಶಿರೇಖಾ ಅವರ ಹತ್ತಿರ ಎಳೆದುಕೊಂಡು ಹೋದೆ. ಅವರು ರಕ್ತ ಪರೀಕ್ಷೆ ಮಾಡಿಸಿ, ಇದು ಗೌಟ್, ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾಗಿ ಕೀಲಿನಲ್ಲಿ ಹರಳು ಕಟ್ಟಿದೆ, ಪಾಯಾ ಅದನ್ನು ಇನ್ನೂ ಏರಿಸುತ್ತದೆ ಎಂದರು. ಪುಡಿಯನ್ನೂ ಅಬ್ಬಾನ ಗುಂಡು ಮುಖವನ್ನೂ ನೋಡಿ, "ಇದ್ರಲ್ಲಿ ಸ್ಟಿರಾಯ್ಡ್ ಬೆರೆಸಿರೋ ಹಾಗಿದೆ. ತಗೋತಾನೇ ಇದ್ರೆ ಮೈಯೆಲ್ಲ ಕೆಡುತ್ತೆ, ಒಂದೇ ಸಲ ಬಿಟ್ರೂ ಅಪಾಯ. ನಾನು ಹೇಳ್ದಂಗೆ ಇಳಿಸ್ಬೇಕು, ಈ ಮಾತ್ರೆ ಬಿಡದೆ ತಗೋಬೇಕು" ಎಂದರು.

ಅಬ್ಬಾ ಹೇಳಿದ್ದು ಇಷ್ಟೇ: "ಅವ್ರು ನಾಲ್ಗೆ ನೋಡೇ ಹೇಳ್ಬುಟ್ರು ಕಣಮ್ಮ. ನಿಮ್ಗೆ ರಕ್ತ ಬೇಕಾಯ್ತು."

ಚೀನಾ ದೇಶದ ಮೇಲಾಗಲಿ, ಅಲ್ಲಿ ನಿಜವಾಗಿ ವರ್ಷಗಟ್ಟಲೆ ಓದಿದ ವೈದ್ಯರ ಮೇಲಾಗಲಿ ನನಗೆ ಸಿಟ್ಟಿಲ್ಲ. ತಮ್ಮ ಬೋರ್ಡಿನ ವಿಷಯ ಅವರಿಗೆ ಗೊತ್ತಾದರೆ ತಮ್ಮನ್ನು ಹುಡುಕಿಕೊಂಡು ನಡೆದು ಅವರಿಗೂ ಕಾಲು ನೋಯಬಹುದು.

ಪೊಲೀಸರ ಸುದ್ದಿಯೂ ಬೇಡ. ಡಾಕ್ಟರ್ ಕೊಟ್ಟ ಮಾತ್ರೆಗಳು ದಾರದುಂಡೆಗಳ ಡಬ್ಬದ ಹಿಂದೆ ಬಿದ್ದಿವೆ. ಅಬ್ಬಾ ಉಳಿದಿರುವ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ನೆಕ್ಕುತ್ತಾ ತಮ್ಮ ದಾರಿ ಕಾಯುತ್ತಿದ್ದಾರೆ. ಅದು ಮುಗಿದ ದಿನ ಏನಾಗುತ್ತದೋ ಎಂದು ನನಗೆ ಕೈಕಾಲು ಆಡುತ್ತಿಲ್ಲ. ಡಾಕ್ಟರ್ ಹೇಳಿದರು, ಕೇಳಲಿಲ್ಲ. ಅಮ್ಮಿ ಅತ್ತಳು, ಕೇಳಲಿಲ್ಲ. ನಾನು ಬೈದೆ, ಅದನ್ನಂತೂ ಬೀದಿಯೆಲ್ಲ ಕೇಳಿತು, ಅವರು ಕೇಳಲಿಲ್ಲ. ತಮ್ಮ ಮಾತೊಂದೇ ಅವರ ಕಿವಿಗೆ ಹೋಗುವುದು. ಆದ್ದರಿಂದ ತಾವು ಒಂದೇ ಒಂದು ಭಾನುವಾರ ದಯಮಾಡಿಸಿ, ನಾಡಿ ಹಿಡಿದು, ನಾಲಿಗೆ ನೋಡಿ, ಆ ಬಿಳಿ ಮಾತ್ರೆಗಳು ಚೀನಾದ ಬೆಟ್ಟದಿಂದ ತಾವೇ ತರಿಸಿದವೆಂದು ಹೇಳಿ ಹೋಗಬೇಕು. ಇಷ್ಟು ಸುಳ್ಳು ಹೇಳಿದ್ದೀರಿ, ನಮ್ಮಪ್ಪ ಉಳಿಯಲು ಇನ್ನೊಂದು ಹೇಳಿ.

ಬೇರೆ ದಾರಿಯಿಲ್ಲದ್ದರಿಂದ ತಮ್ಮ ವಿಶ್ವಾಸಿ,
ಯಾಸಿರ್

ಮರೆತಿದ್ದು: ತಾವು ಬಂದಾಗ ಕೊಡಲೆಂದು ಅಬ್ಬಾ ಬಿಳಿ ಕೋಟಿನ ಬಟ್ಟೆ ಕತ್ತರಿಸಿಟ್ಟಿದ್ದಾರೆ. ಕತ್ತಿನ ಅಳತೆ ಮಾತ್ರ ಬಾಕಿ. ಅದನ್ನು ನಾನೇ ತೆಗೆದುಕೊಳ್ಳುತ್ತೇನೆ, ಟೇಪು ಬೇಕಾಗುವುದಿಲ್ಲ.